ನಮ್ಮತ್ತೆ ಮರದ ಮೇಲಿದ್ದ ಮಂಗಳವಾರ

ಫ್ರೆಂಚ್ ಕಾದಂಬರಿಗಳ ಹೆಸರುಗಳೆಂದರೆ ನನಗೆ ಹುಚ್ಚು. ಕಾದಂಬರಿಗಳೆಂದರೆ ಅಂತ ನಾನು ಹೇಳಲಿಲ್ಲ, ಹೆಸರುಗಳೆಂದರೆ ಅಂದೆ. ಒಳಗಿನದನ್ನು ಓದುವುದು ಆಮೇಲಿನ ಮಾತು. ಎಷ್ಟೋ ಪುಸ್ತಕಗಳ ಹೆಸರನ್ನಷ್ಟೇ ಓದಿ, ಅದನ್ನೇ ಬಾಯಲ್ಲಿ ಹೊರಳಿಸುತ್ತ ಇಡೀ ದಿನ ಖುಷಿಯಾಗಿ ಓಡಾಡಿದ್ದೇನೆ. ಮುದ್ದೇಬಿಹಾಳದಲ್ಲಿ ಮನೆ, ಬಸವನ ಬಾಗೇವಾಡಿಯ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ, ಗಂಡನಿಗೆ ಆಲಮಟ್ಟಿಯ ಕಾಲುವೆ ಕಚೇರಿಯಲ್ಲಿ ನೌಕರಿ. ಇಂಥ ಸಂಸಾರದೊಳಗೆ ಫ್ರೆಂಚ್ ಎಲ್ಲಿಂದ ಬಂತು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ. ಧಾರವಾಡದಲ್ಲಿ ಎಂ.ಎ. ಓದುವಾಗ ಸಂಜೆಯ ಫ್ರೆಂಚ್ ತರಗತಿಯ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ನಮ್ಮ ಹಾಸ್ಟೆಲ್ಲಿನಲ್ಲಿ ತಿರುಗುತ್ತಿರಲಿಲ್ಲ. ಗಾಳಿಗೆಂದು ಹೋಗಿ ಕೂತವಳು ಅಲ್ಲೇ ಸಿಕ್ಕಿಬಿದ್ದೆ.

ಆ ತರಗತಿಯ ಮೇಡಂ ತಮಾಷೆಯ ಹೆಂಗಸು. ಕ್ರಿಯಾಪದಗಳು ಸಾಕೆನಿಸಿದಾಗ, ಆಗಷ್ಟೇ ಹೊರಬಂದ ಯಾವುದಾದರೂ ಫ್ರೆಂಚ್ ಕಾದಂಬರಿಯ ಹೆಸರನ್ನು ಬೋರ್ಡಿನ ಮೇಲೆ ಬರೆದು, ‘ಒಳಗೆ ಏನಿರಬಹುದು, ಹೇಳಿ ನೋಡೋಣ’ ಎಂದು ಕೈಕಟ್ಟಿ ಕೂತುಬಿಡುತ್ತಿದ್ದರು. ಮೊದಲ ಸಲ ಬರೆದದ್ದು ನನಗೆ ಇನ್ನೂ ನೆನಪಿದೆ: ‘ನನ್ನ ಗಂಡ ಉಪ್ಪು ತರಲು ಹೋದ ಮಧ್ಯಾಹ್ನ ಮತ್ತು ಆಮೇಲೆ ಬಂದ ಬೇಸಿಗೆಗಳು’. ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ, ಫ್ರೆಂಚಿನಲ್ಲಿ ಇದು ಇನ್ನೂ ಚಂದ. ಉಪ್ಪು ತರಲು ಹೋದವನು ತಿರುಗಿ ಬರಲಿಲ್ಲ ಎಂಬುದನ್ನು ಹೇಳದೆಯೇ ಹೇಳಿದ್ದರಲ್ಲ, ಅದಕ್ಕೆ ನಾನು ಮರುಳಾದೆ. ಆ ರಾತ್ರಿ ಮೆಸ್ಸಿನಲ್ಲಿ ಸಾರಿಗೆ ಉಪ್ಪು ಕಡಿಮೆಯಾಗಿತ್ತು. ಉಪ್ಪು ತರುತ್ತೇನೆಂದು ಎದ್ದ ಗೆಳತಿಯನ್ನು ಕೈಹಿಡಿದು ಕೂರಿಸಿದೆ.

ಇನ್ನೊಂದಿತ್ತು, ‘ಬೆಕ್ಕಿಗೆ ಹೇಳಬೇಡಿ, ಅದು ನಂಬುವುದಿಲ್ಲ’ ಅಂತ. ‘ಮೂರನೆಯ ಮಹಡಿಯವರ ಪಿಯಾನೊ ನಿನ್ನೆಯಿಂದ ಮಾತಾಡುತ್ತಿಲ್ಲ’ ಅಂತ ಮತ್ತೊಂದು. ಇವರಿಗೆ ಯಾರ ಹೆದರಿಕೆಯೂ ಇಲ್ಲವೇ ಎನಿಸುತ್ತಿತ್ತು. ನಮ್ಮಲ್ಲಿ ಗಂಭೀರ ಕಾದಂಬರಿಯೆಂದರೆ ಒಂದೇ ಪದದ ಹೆಸರು, ಅದೂ ಸಂಸ್ಕೃತದ್ದೇ ಆಗಬೇಕು, ಕೇಳಿದ ಕೂಡಲೇ ಎದ್ದುನಿಂತು ಕೈಮುಗಿಯುವ ಹಾಗಿರಬೇಕು. ಆ ಫ್ರೆಂಚರ ಹೆಸರುಗಳಾದರೋ ಕಟ್ಟೆಯ ಮೇಲೆ ಕೂತು ಹೋಗಿಬರುವವರನ್ನು ಮಾತಿಗೆಳೆಯುತ್ತಿದ್ದವು. ಅರ್ಧ ಮಾತು ಹೇಳಿ ಸುಮ್ಮನಾಗುತ್ತಿದ್ದವು. ಉಳಿದರ್ಧ ಕೇಳದೆ ಮುಂದೆ ಹೋಗುವಷ್ಟು ಗಟ್ಟಿ ಮನಸ್ಸು ನನಗಿರಲಿಲ್ಲ.

ಬಾಗೇವಾಡಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ನಾವು ನಾಲ್ಕಾರು ಮಂದಿ ಮಾಸ್ತರರು ಈ ಹುಚ್ಚನ್ನು ಆಟ ಮಾಡಿಕೊಂಡೆವು. ಬಸ್ಸಿನಲ್ಲಿ ಕಂಡವರಿಗೆಲ್ಲ ಫ್ರೆಂಚ್ ಕಾದಂಬರಿಯ ಹೆಸರಿಡುವುದು. ನಿಡಗುಂದಿಯಲ್ಲಿ ಇಳಿಯಬೇಕಾದ ಒಬ್ಬರು ದಿನವೂ ನಿದ್ದೆ ಹೋಗಿ ಮುಂದಿನ ಸ್ಟಾಪಿನಲ್ಲಿ ಇಳಿದು ಬೈದುಕೊಳ್ಳುತ್ತ ಹಿಂದೆ ನಡೆಯುತ್ತಿದ್ದರು. ಅವರಿಗೆ ನಾವಿಟ್ಟ ಹೆಸರು ‘ಎಚ್ಚರವಿದ್ದಾಗ ನನ್ನ ಊರು ಬರುವುದಿಲ್ಲ’. ನಮ್ಮ ಗಣಿತದ ಮೇಡಂ ತಮಗೆ ತಾವೇ ಇಟ್ಟುಕೊಂಡದ್ದು ‘ಕುಕ್ಕರು ಎಷ್ಟು ಸೀಟಿ ಹಾಕಿತೆಂದು ನನ್ನನ್ನೇ ಏಕೆ ಕೇಳುತ್ತೀರಿ’. ಕಂಡಕ್ಟರ್ ಕೂಡ ಒಂದು ದಿನ ಬಂದು, ‘ನನಗೊಂದು ಇಡ್ರಿ ಮೇಡಂ’ ಎಂದು ಕೇಳಿದ. ‘ಚಿಲ್ಲರೆ ಇಳಿಯುವಾಗ ಕೊಡುತ್ತೇನೆ’ ಎಂದು ಇಟ್ಟೆವು. ಆತನಿಗೆ ಅಷ್ಟಾಗಿ ರುಚಿಸಲಿಲ್ಲ.

ಹೀಗಿದ್ದ ನನಗೆ ಒಂದು ದಿನ ಮೊಬೈಲಿನಲ್ಲಿ ಒಂದು ಹೆಸರು ಕಣ್ಣಿಗೆ ಬಿತ್ತು. ‘ಅಂಚೆಯವನು ಬಂದಾಗ ನಮ್ಮತ್ತೆ ಮರದ ಮೇಲಿದ್ದರು, ಆವತ್ತು ಮಂಗಳವಾರ’. ಓದಿ ಒಬ್ಬಳೇ ನಕ್ಕೆ. ಅತ್ತೆ ಮರ ಹತ್ತಿದ್ದು ದೊಡ್ಡದಲ್ಲ, ಮಂಗಳವಾರ ದೊಡ್ಡದು ಎಂಬಂತೆ ಕೊನೆಯಲ್ಲಿ ಅದನ್ನು ತಂದು ಕೂರಿಸಿದ ಜಾಣತನಕ್ಕೆ ಶರಣೆಂದೆ. ಪುಸ್ತಕ ತರಿಸಿದೆ, ಓದಿದೆ, ಕನ್ನಡಕ್ಕೆ ತರಲು ಕೂತೆ. ಸಣ್ಣ ಕಾದಂಬರಿಯೇ, ಆದರೂ ವರ್ಷಗಳೇ ಹಿಡಿದವು. ಧಾರವಾಡದ ಒಬ್ಬ ಪ್ರಕಾಶಕರು ಫ್ರಾನ್ಸಿನವರ ಒಪ್ಪಿಗೆಯನ್ನೂ ಪಡೆದು ಅಚ್ಚು ಹಾಕಲು ಮುಂದೆ ಬಂದರು. ಅವರ ತಕರಾರು ಒಂದೇ, ಹೆಸರು ಉದ್ದವಾಯಿತು. ಪುಸ್ತಕದ ಬೆನ್ನ ಮೇಲೆ ಹಿಡಿಸುವುದಿಲ್ಲ, ಗಿರಾಕಿ ಅಂಗಡಿಯಲ್ಲಿ ಕೇಳಲು ಬಾಯಿಗೆ ಬರುವುದಿಲ್ಲ ಎಂದರು. ನನ್ನ ಗಂಡನದೂ ಅದೇ ರಾಗ. ‘ಪುಸ್ತಕ ಓದಾಕ ಒಂದು ದಿನ ಹಿಡದ್ರ ಹೆಸರು ಓದಾಕ ಎರಡು ದಿನ ಹಿಡೀತೈತಿ ನೋಡು.’ ನಾನು ಹಟಮಾರಿ. ಆ ಹೆಸರಿಲ್ಲದಿದ್ದರೆ ಪುಸ್ತಕವೂ ಬೇಡ ಎಂದೆ. ಪ್ರಕಾಶಕರು ನಿಟ್ಟುಸಿರುಬಿಟ್ಟು ಒಪ್ಪಿಕೊಂಡರು.

ಮುಖಪುಟ ಬರೆದ ಕಲಾವಿದರು ಒಂದು ಉಪಕಾರ ಮಾಡಿದರು. ಮರದ ಕೊಂಬೆಯಿಂದ ಎರಡು ಕಾಲು ಇಳಿಬಿದ್ದಿರುವ ಚಿತ್ರ ಬರೆದರು, ಬಹಳ ಚಂದ ಬರೆದರು. ಆದರೆ ಓದುಗರಿಗೆ ಹತ್ತಿರವಾಗಲಿ ಎಂದು ಆ ಫ್ರೆಂಚ್ ಮುದುಕಿಗೆ ಇಳಕಲ್ ಸೀರೆ ಉಡಿಸಿಬಿಟ್ಟರು. ಕಾಲಿಗೆ ಬೆಳ್ಳಿಯ ಕಾಲುಂಗುರ ಬೇರೆ. ನಾನು ಖುಷಿಯಲ್ಲಿ ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದೆ. ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು, ಕೆಳಗೆ ಇಳಕಲ್ ಸೀರೆಯ ಕಾಲು, ಅದರ ಕೆಳಗೆ ನನ್ನ ಹೆಸರು. ಹಾಕಿ ಬಸ್ಸು ಹತ್ತಿದೆ.

ಬಾಗೇವಾಡಿಯಲ್ಲಿ ಇಳಿಯುವುದರೊಳಗೆ ಸಿಂದಗಿಯಿಂದ ನಾದಿನಿಯ ಫೋನು. ನಾದಿನಿ ಎಂದರೆ ಗಂಡನ ತಂಗಿ, ಅತ್ತೆಯ ಒಬ್ಬಳೇ ಮಗಳು.

‘ವೈನಿ, ಅವ್ವ ಯಾವ ಗಿಡ ಏರಿದ್ಲು? ಬಿದ್ದಾಳೇನು? ಖರೆ ಹೇಳು.’

ನಮ್ಮ ಕಡೆ ಮರಕ್ಕೂ ಗಿಡವೆಂದೇ ಹೇಳುತ್ತೇವೆ. ಯಾರೂ ಏರಿಲ್ಲ, ಅದು ಪುಸ್ತಕ, ಫ್ರಾನ್ಸಿನದು ಎಂದೆ. ‘ಫ್ರಾನ್ಸಿನ್ಯಾಗ ಇಳಕಲ್ ಸೀರಿ ಉಡತಾರೇನು? ನನ್ನ ಮುಂದ ಮುಚ್ಚಿಡಬ್ಯಾಡ’ ಎಂದು ಅವಳು ಅಳುವುದಕ್ಕೇ ಶುರುಮಾಡಿದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ಇನ್ನೂ ಎರಡು ಫೋನು ಬಂದವು. ಪಾಠದ ನಡುವೆ ಮೊಬೈಲ್ ಗುಂಯ್‌ಗುಡುತ್ತಲೇ ಇತ್ತು. ಮಧ್ಯಾಹ್ನ ಸ್ಟೇಟಸ್ ತೆಗೆದೆ. ಅದು ಇನ್ನೂ ದೊಡ್ಡ ತಪ್ಪಾಯಿತು. ತೆಗೆದಳೆಂದರೆ ಏನೋ ಇದೆ ಎಂದು ಬಂಧುಬಳಗ ತೀರ್ಮಾನ ಮಾಡಿತು.

ನಮ್ಮಲ್ಲಿ ಯಾರಾದರೂ ಬಿದ್ದರು, ಏಟು ಮಾಡಿಕೊಂಡರು ಎಂದರೆ ಫೋನಿನಲ್ಲಿ ಕೇಳಿ ಸುಮ್ಮನಾಗುವ ಪದ್ಧತಿಯಿಲ್ಲ. ಹೋಗಿ ಮಾತಾಡಿಸಿಕೊಂಡು ಬರಬೇಕು. ಸಂಜೆ ನಾನು ಮನೆಗೆ ಬಂದಾಗ ಅಂಗಳದ ತುಂಬ ಚಪ್ಪಲಿ. ಪಡಸಾಲೆಯಲ್ಲಿ ಅತ್ತೆ ನಡುಮಧ್ಯೆ ಕೂತಿದ್ದಾರೆ, ಸುತ್ತ ಬಾಳೆಹಣ್ಣಿನ ಡಜನ್ನುಗಳು, ಬಿಸ್ಕಿಟ್ ಪ್ಯಾಕೆಟ್ಟುಗಳು. ಬಾಗೇವಾಡಿಯ ಬೀಗರು ಬಂದಿದ್ದರು. ಇಂಡಿಯ ಹತ್ತಿರ ಲಚ್ಯಾಣದಿಂದ ಅತ್ತೆಯ ತಮ್ಮ ಜೀಪು ಮಾಡಿಕೊಂಡು, ತೋಟದ ನಿಂಬೆಹಣ್ಣಿನ ಒಂದು ಚೀಲದ ಸಮೇತ ಬಂದಿದ್ದರು. ಅತ್ತೆಗೆ ಏನೊಂದೂ ತಿಳಿಯದು. ಬಂದವರು ಕಾಲು ಮುಟ್ಟಿ ನೋಡುತ್ತಿದ್ದಾರೆ, ‘ಈ ವಯಸ್ಸಿನ್ಯಾಗ ಯಾಕ ಬೇಕಿತ್ರಿ’ ಎನ್ನುತ್ತಿದ್ದಾರೆ. ಅತ್ತೆಯ ತಮ್ಮ ಮಾತ್ರ ನನ್ನನ್ನು ಗುರಾಯಿಸಿ ನೋಡಿ ಕೇಳಿದರು. ‘ನಮ್ಮಕ್ಕನ್ನ ಗಿಡ ಏರಿಸುವಂಥಾ ಕೆಲಸ ಏನಿತ್ತವಾ ನಿನಗ?’

ನಾನು ಪುಸ್ತಕದ ಕಥೆ ಹೇಳಿದೆ, ಫ್ರಾನ್ಸ್ ಎಲ್ಲಿದೆ ಹೇಳಿದೆ, ಕಲಾವಿದರ ಮೇಲೆ ಹೊರಿಸಿದೆ. ಬಂದವರು ನಕ್ಕರು, ಚಹಾ ಕುಡಿದರು, ಬಾಳೆಹಣ್ಣು ವಾಪಸು ಒಯ್ಯುವುದು ಚಂದವಲ್ಲವೆಂದು ಬಿಟ್ಟುಹೋದರು. ಹೋಗುವಾಗ ಒಬ್ಬೊಬ್ಬರೂ ಒಂದೊಂದು ಚೇಷ್ಟೆ. ‘ಇನ್ನ ಮ್ಯಾಲ ಅತ್ತೀನ ಕಟ್ಟಿಹಾಕು.’ ‘ಅಂಚಿಯವನು ಬಂದ್ರ ಒಳಗ ಕರ್ಕೋರಿ.’ ನಾನೂ ನಕ್ಕೆ. ಅತ್ತೆ ನಗಲಿಲ್ಲ. ನಿಂಬೆಹಣ್ಣಿನ ಚೀಲವನ್ನು ತಾವೇ ಎಳೆದುಕೊಂಡು ಒಳಗೆ ಹೋದರು.

ಅತ್ತೆ ಎಂಥವರೆಂದು ಹೇಳದಿದ್ದರೆ ಇದು ತಿಳಿಯುವುದಿಲ್ಲ. ಚಿಕ್ಕ ಆಳು, ಚುರುಕು ನಡಿಗೆ, ಅದಕ್ಕಿಂತ ಚುರುಕು ನಾಲಗೆ. ಮಾವನವರು ಇರುವಾಗ ಇಂಡಿಯಿಂದ ಮುದ್ದೇಬಿಹಾಳದ ತನಕ ಯಾರ ಮನೆಯಲ್ಲಿ ಮದುವೆಯಾಗಲಿ, ಬಸುರಿಯ ಕುಬಸವಾಗಲಿ, ಒಡಪು ಹೇಳುವುದಕ್ಕೆ ಇವರೇ ಬೇಕು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು ಇಂಥ ಹೊತ್ತಿನಲ್ಲಿ ಪ್ರಾಸ ಕಟ್ಟಿ, ಪ್ರಾಸದ ನಡುವೆ ಹೆಸರನ್ನು ಹಾಕಿ ಹೇಳುವುದೇ ಒಡಪು. ಉಳಿದವರು ಅಜ್ಜಿ ಕಲಿಸಿದ್ದನ್ನು ಒಪ್ಪಿಸಿದರೆ ಅತ್ತೆ ನಿಂತ ನಿಲುವಿನಲ್ಲೇ ಹೊಸದು ಕಟ್ಟುತ್ತಿದ್ದರು. ನನ್ನ ಮದುವೆಯಲ್ಲಿ ಹೇಳಿದ್ದು, ‘ಇಂಡಿ ನಿಂಬಿಹಣ್ಣಿಗೆ ಹುಳಿ, ಕೊಲ್ಹಾರ ಮೊಸರಿಗೆ ಕೆನಿ, ಇವರ ಹೆಸರ ಹೇಳತೇನಿ ತುಂಬಿರಲಿ ಈ ಮನಿ’. ‘ಇವರ’ ಎಂದು ನಾನು ಬರೆದ ಕಡೆ ಮಾವನವರ ಹೆಸರಿತ್ತು. ಅದನ್ನು ಹೇಳುವ ಹಕ್ಕು ಅವರದು, ನಾನು ಬರೆಯುವುದಿಲ್ಲ. ಮಾವನವರು ಹೋದ ಮೇಲೆ ಒಡಪು ಹೇಳೆಂದು ಅವರನ್ನು ಯಾರೂ ಕೇಳಲಿಲ್ಲ. ಗಂಡನಿಲ್ಲದವಳನ್ನು ಗಂಡನ ಹೆಸರು ಹೇಳೆಂದು ಹೇಗೆ ಕೇಳುವುದು. ಕಾರ್ಯಗಳಿಗೆ ಹೋದರೆ ಗೋಡೆಯ ಪಕ್ಕ ಕೂತು ಊಟ ಮಾಡಿ ಬರುತ್ತಿದ್ದರು. ಅಷ್ಟರಮಟ್ಟಿಗಾದರೂ ಮಾನವಿತ್ತು, ಈಗ ನಾನು ಅವರನ್ನು ನಗೆಪಾಟಲು ಮಾಡಿದ್ದೆ.

ಆ ವಾರ ಸಿಂದಗಿಯಲ್ಲಿ ನಾದಿನಿಯ ಮಗಳ ಕುಬಸ. ಅತ್ತೆಗೆ ಮೊದಲ ಮೊಮ್ಮಗಳ ಮೊದಲ ಬಸುರು. ತಿಂಗಳ ಮೊದಲೇ ಅವಳಿಗೆಂದು ಹಸಿರು ಸೀರೆ ತೆಗೆಸಿಟ್ಟಿದ್ದರು. ಈಗ ‘ನಾ ಒಲ್ಲೆ’ ಎಂದು ಕೂತರು.

‘ಅತ್ಯಾರ, ಮಮ್ಮಗಳ ಕುಬಸಕ್ಕ ನೀವ ಬರದಿದ್ರ ಹೆಂಗ್ರಿ?’

‘ಬಂದು ಏನ ಮಾಡಲಿ? ಮಂದೀನ ನಗಸಲೇನು?’

ಹೆಸರು ಬದಲಿಸೆಂದು ಹೇಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ. ಒಂದು ಕಡೆ ನಾನು ಹಟ ಹಿಡಿದು ಉಳಿಸಿಕೊಂಡ ಹೆಸರು, ಇನ್ನೊಂದು ಕಡೆ ಬಾಗಿಲ ಕಡೆ ಬೆನ್ನು ಮಾಡಿ ಜೋಳ ಹಸನು ಮಾಡುತ್ತ ಕೂತ ಅತ್ತೆ. ಎರಡು ದಿನ ನೋಡಿದೆ, ಮೂರನೆಯ ದಿನ ಸೋತೆ. ಕಾಲೇಜಿನಿಂದಲೇ ಪ್ರಕಾಶಕರಿಗೆ ಫೋನು ಮಾಡಿ, ಹೆಸರು ಬದಲಿಸಿ ಎಂದೆ. ಅವರಿಗೆ ಆದ ಸಂತೋಷ ಹೇಳತೀರದು. ಆ ಕ್ಷಣದಲ್ಲೇ ಒಂದು ಹೆಸರು ಕೊಟ್ಟರು, ‘ಊರ್ಧ್ವಮುಖಿ’. ಮೊದಲೇ ಜೇಬಿನಲ್ಲಿ ಇಟ್ಟುಕೊಂಡಿದ್ದರೋ ಏನೋ. ಅದೇ ಎದ್ದುನಿಂತು ಕೈಮುಗಿಯುವ ಸಂಸ್ಕೃತ, ಆದರೂ ಹೂಂ ಎಂದೆ. ಸೋಮವಾರ ಅಚ್ಚಿಗೆ ಹೋಗುತ್ತದೆ ಎಂದರು. ಅತ್ತೆಗೆ ಈಗಲೇ ಹೇಳುವುದು ಬೇಡ, ಸಿಂದಗಿಯಲ್ಲಿ ಎಲ್ಲರ ಮುಂದೆ ಹೇಳಿ ಅವರ ಮುಖ ಎತ್ತಿಸಬೇಕು ಎಂದು ಲೆಕ್ಕ ಹಾಕಿದೆ.

ಕೊನೆಯ ಪ್ರೂಫು ಬಾಕಿಯಿತ್ತು. ಪ್ರೂಫನ್ನು ನಾನು ಗಟ್ಟಿಯಾಗಿ ಓದಿಯೇ ತಿದ್ದುವುದು, ಇಲ್ಲದಿದ್ದರೆ ತಪ್ಪು ಸಿಗುವುದಿಲ್ಲ. ಸಂಜೆ ಪಡಸಾಲೆಯ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಮೊರ ಹಿಡಿದ ಅತ್ತೆ. ಸೊಸೆಯೊಬ್ಬಳು ಹೇಳುವ ಆ ಕಾದಂಬರಿಯಲ್ಲಿ ಆಗುವುದು ಇಷ್ಟು. ಗಂಡ ಸತ್ತ ಒಬ್ಬ ಮುದುಕಿ ಹಿತ್ತಲಿನ ಸೇಬಿನ ಮರ ಏರಿ ಕೂರುತ್ತಾಳೆ. ಅಂಚೆಯವನು ರಿಜಿಸ್ಟರ್ ಕಾಗದ ತಂದು ಸಹಿ ಬೇಕೆನ್ನುತ್ತಾನೆ, ಬೇಕಾದರೆ ಮೇಲೆ ಬಾ ಎನ್ನುತ್ತಾಳೆ. ಅವನು ಊರಿಗೆಲ್ಲ ಸಾರುತ್ತಾನೆ. ಊರವರು ಬಂದು ಮರದ ಕೆಳಗೆ ನೆರೆಯುತ್ತಾರೆ. ಯಾಕೆ ಏರಿದಳೆಂದು ಅವಳು ಹೇಳುವುದಿಲ್ಲ, ಪುಸ್ತಕವೂ ಹೇಳುವುದಿಲ್ಲ. ನಾನು ಮುದುಕಿ ಎಲ್ಲಕ್ಕಿಂತ ಮೇಲಿನ ಹಣ್ಣಿಗೆ ಕೈಚಾಚುವ ಭಾಗಕ್ಕೆ ಬಂದಿದ್ದೆ.

‘ಆ ಊರಾಗ ಹಣ್ಣ ಕೀಳೂ ದೋಟಿ ಇರಲಿಲ್ಲೇನು?’

ಅತ್ತೆ ಮೊರದಿಂದ ಕಣ್ಣೆತ್ತಿರಲಿಲ್ಲ. ಇದ್ದಿರಬೇಕೆಂದೆ. ‘ಇದ್ರ, ಹಣ್ಣಿಗಂತ ಏರಿಲ್ಲ ಬಿಡು ಆಕಿ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ನಿಂತಿ ಯಾಕ? ಓದು’ ಎಂದರು. ಓದಿದೆ. ಕತ್ತಲಾಗುವ ಹೊತ್ತಿಗೆ ಮೊರ ಪಕ್ಕಕ್ಕೆ ಹೋಗಿತ್ತು, ಅತ್ತೆ ನನ್ನ ಹತ್ತಿರ ಸರಿದಿದ್ದರು. ಅಂಚೆಯವನು ಅವರಿಗೆ ಮೆಚ್ಚುಗೆಯಾದ. ಕಥೆ ಹೇಳುವ ಸೊಸೆ ಹಿಡಿಸಲಿಲ್ಲ. ‘ಆ ಸೊಸಿಗೆ ಬಾಯಿ ಜಾಸ್ತಿ ಆತು. ಅತ್ತಿ ಮ್ಯಾಲ ಕುಂತಾಳ, ಈಕಿ ಕೆಳಗ ನಿಂತು ಮಂದಿ ಮುಂದ ಬಣ್ಣಾ ಹಚ್ಚಿ ಹೇಳತಾಳ’ ಎಂದು ನನ್ನ ಮುಖ ನೋಡಿದರು. ನಾನು ಪ್ರೂಫಿನಲ್ಲಿ ಮುಖ ಹುದುಗಿಸಿ ಒಂದು ಅಲ್ಪವಿರಾಮ ತಿದ್ದಿದೆ. ಪುಸ್ತಕ ಮುಗಿಯಿತು. ಮರುದಿನ ಬೆಳಗ್ಗೆ ಎದ್ದು ನೋಡಿದರೆ ಹಸಿರು ಸೀರೆಯ ಚೀಲ ಬಾಗಿಲ ಹತ್ತಿರವಿತ್ತು. ಸಿಂದಗಿಗೆ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.

ಗಂಡನಿಗೆ ರಜೆ ಸಿಗಲಿಲ್ಲ, ನಾವಿಬ್ಬರೇ ಹೋದೆವು. ಸಿಂದಗಿಯ ಮನೆಯ ತುಂಬ ಹೆಂಗಸರು. ಹಸಿರು ಬಳೆ ತೊಟ್ಟ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಉಡಿ ತುಂಬಿದರು, ಆರತಿ ಎತ್ತಿದರು. ಅತ್ತೆ ಮೊಮ್ಮಗಳ ಕೆನ್ನೆ ಸವರಿ ಗೋಡೆಯ ಪಕ್ಕ ಹೋಗಿ ಕೂತರು. ಆಮೇಲೆ ಒಡಪಿನ ಗದ್ದಲ ಎದ್ದಿತು. ಹುಡುಗಿ ನಾಚುತ್ತ ಒಂದು ಹೇಳಿದಳು, ನಾದಿನಿ ಒಂದು ಹೇಳಿದಳು, ನಾನೂ ನನ್ನ ಬಡ ಪ್ರಾಸವೊಂದನ್ನು ಹೇಳಿ ಮುಗಿಸಿದೆ. ಹೇಳುವಾಗಲೇ ನನಗೊಂದು ಹೊಳೆಯಿತು. ಈ ಫ್ರೆಂಚರು ಮಾಡುವುದೂ ಇದನ್ನೇ. ನೇರ ಹೆಸರು ಹೇಳಿದರೆ ಸೊಗಸಿಲ್ಲವೆಂದು ಉಪ್ಪು, ಬೆಕ್ಕು, ಪಿಯಾನೊ, ಮಂಗಳವಾರ ಎಂದು ಊರೆಲ್ಲ ಸುತ್ತಿಸಿಕೊಂಡು ಬರುತ್ತಾರೆ. ಕೇಳುವವರು ಕಿವಿ ನಿಮಿರಿಸಿ ಕಾಯುತ್ತಾರೆ. ಧಾರವಾಡದಲ್ಲಿ ಆ ಹೆಸರುಗಳಿಗೆ ನಾನು ಅಷ್ಟು ಬೇಗ ಮರುಳಾದದ್ದು ಯಾಕೆಂದು ಇಷ್ಟು ವರ್ಷಗಳ ಮೇಲೆ ಸಿಂದಗಿಯ ಆ ಪಡಸಾಲೆಯಲ್ಲಿ ತಿಳಿಯಿತು.

ಸರದಿ ಗೋಡೆಯ ಬದಿಗೆ ಬಂತು. ಅತ್ತೆಯ ಎಡಗಡೆಯವಳು ಹೇಳಿದಳು. ಸರದಿ ಅತ್ತೆಯನ್ನು ಹಾರಿ ಬಲಗಡೆಯವಳಿಗೆ ಹೋಯಿತು. ಯಾರೂ ಬೇಕೆಂದು ಮಾಡಲಿಲ್ಲ, ರೂಢಿ ಹಾಗಿದೆ. ಅಷ್ಟರಲ್ಲಿ ಮೂಲೆಯಿಂದ ಒಬ್ಬಳು ಕೂಗಿದಳು. ‘ಅಮ್ಮಾರ, ಗಿಡದಿಂದ ಯಾವಾಗ ಇಳದ್ರಿ?’

ಮನೆಯೆಲ್ಲ ಗೊಳ್ಳೆಂದಿತು. ನನಗೆ ಮೈ ಉರಿಯಿತು. ಆ ಹೆಸರು ತೆಗೆಸಿದ್ದೇನೆ, ಪುಸ್ತಕಕ್ಕೆ ಬೇರೆ ಹೆಸರಾಗಿದೆ ಎಂದು ಹೇಳಲು ಎದ್ದುನಿಂತೆ. ಅತ್ತೆ ಕೈಸನ್ನೆ ಮಾಡಿ ನನ್ನನ್ನು ಕೂರಿಸಿದರು.

‘ಇಳದಿಲ್ಲವಾ ಇನ್ನೂ. ಇಳಿ ಅಂತ ಯಾರ ಕರದಾರ?’

ಮತ್ತೆ ನಗು, ಆದರೆ ಈ ಸಲದ್ದು ಬೇರೆ. ಹೆಂಗಸರು ಹತ್ತಿರ ಸರಿದರು. ಅತ್ತೆ ಹೇಳತೊಡಗಿದರು. ಸೇಬಿನ ಮರ ಪೇರಲ ಗಿಡವಾಯಿತು, ಫ್ರಾನ್ಸಿನ ಹಳ್ಳಿ ಲಚ್ಯಾಣವಾಯಿತು, ಸೈಕಲ್ಲಿನ ಅಂಚೆಯವನಿಗೆ ಬೊಕ್ಕತಲೆ ಬಂತು. ಮೇಲೆ ಬಂದು ಸಹಿ ತಗೋ ಎಂದು ತಾವು ಹೇಳಿದ್ದು, ಅವನು ಚಪ್ಪಲಿ ಬಿಟ್ಟು ಎರಡು ಕೊಂಬೆ ಏರಿ ಕೆಂಪಿರುವೆ ಕಚ್ಚಿಸಿಕೊಂಡದ್ದು, ಸೊಸೆ ಕೆಳಗೆ ನಿಂತು ಊರಿಗೆಲ್ಲ ವರದಿ ಒಪ್ಪಿಸಿದ್ದು. ಕೆಂಪಿರುವೆ ಮೂಲದಲ್ಲಿಲ್ಲ, ಇರಬೇಕಿತ್ತು. ವರ್ಷಗಟ್ಟಲೆ ಕೂತು ನಾನು ಕನ್ನಡಕ್ಕೆ ತಂದ ಕಾದಂಬರಿಯನ್ನು ಅತ್ತೆ ಒಂದು ಚಹಾ ಆರುವಷ್ಟರಲ್ಲಿ ತಮ್ಮದು ಮಾಡಿಕೊಂಡರು. ಹೆಂಗಸರು ಹೊಟ್ಟೆ ಹಿಡಿದು ನಗುತ್ತಿದ್ದರು. ಬಸುರಿ ಹುಡುಗಿ ಸಾಕು ಮಾಡಜ್ಜಿ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಕೊನೆಗೆ ನಾದಿನಿಯ ಅತ್ತೆ, ಆ ಮನೆಯ ಹಿರಿಯ ಹೆಂಗಸು, ನಗು ತಡೆದುಕೊಂಡು ಕೇಳಿದರು. ‘ಅದಿರಲ್ರಿ ಬೀಗತಿ, ಅಷ್ಟು ಎತ್ತರ ಏರಿದ್ದಾದರೂ ಯಾಕ?’

ಅತ್ತೆ ಸೆರಗು ಸರಿಮಾಡಿಕೊಂಡರು. ‘ಕೆಳಗ ಕುಂತಾಗ ನನ್ನ ಯಾರೂ ಏನೂ ಕೇಳತಿರಲಿಲ್ರಿ. ಮ್ಯಾಲ ಹೋಗಿ ಕುಂತ ಮ್ಯಾಲ ಎಲ್ಲಾರೂ ಕೇಳಾಕತ್ತರು.’

ಅವರು ನಗುತ್ತಲೇ ಹೇಳಿದ್ದರು. ನಾದಿನಿ ನೆಲ ನೋಡಿದಳು. ಆ ಪುಸ್ತಕದ ಒಂದೊಂದು ವಾಕ್ಯವನ್ನೂ ತಿರುಗಿಸಿ ಮುರುಗಿಸಿ ನೋಡಿದವಳು ನಾನು, ಮುದುಕಿ ಯಾಕೆ ಏರಿದಳೆಂಬುದು ಹೊಳೆದಿರಲಿಲ್ಲ. ಬೀಗತಿ ದೊಡ್ಡ ಮನಸ್ಸಿನವರು. ಅತ್ತೆಯ ಹತ್ತಿರ ಬಂದು ಮಂಡಿಗೆ ಮಂಡಿ ತಾಗಿಸಿ ಕೂತು, ‘ಹಂಗಾದ್ರ ನಾ ಕೇಳತೇನಿ. ಒಂದು ಒಡಪ ಹೇಳ್ರಿ’ ಎಂದರು.

ಅತ್ತೆ ಒಂದು ಗಳಿಗೆ ಮೊಮ್ಮಗಳ ಕಡೆ ನೋಡಿದರು. ಆಮೇಲೆ ಹೇಳಿದರು, ಹಳೆಯ ಗಟ್ಟಿ ದನಿಯಲ್ಲಿ. ‘ಪೇರಲ ಗಿಡ ಏರಿದೆ, ಇಳಿಯಾಕ ಇಲ್ಲ ನಿಚ್ಚಣಿಕಿ, ಇವರ ಹೆಸರು ಹೇಳಾಕ ನನಗ್ಯಾಕ ನಾಚಿಕಿ.’

ಅಲ್ಲಿ ಮಾವನವರ ಹೆಸರಿತ್ತು. ಪೂರ್ತಿ ಹೆಸರು, ಅಡ್ಡಹೆಸರಿನ ಸಮೇತ. ಹುಡುಗಿಯರು ಹೋ ಎಂದು ಚಪ್ಪಾಳೆ ತಟ್ಟಿದರು. ಹಿರಿಯರಲ್ಲಿ ಒಬ್ಬಿಬ್ಬರು ಮುಖ ಸಿಂಡರಿಸಿದ್ದನ್ನೂ ನೋಡಿದೆ, ಸಿಂಡರಿಸಲಿ. ಆ ದಿನ ಊಟಕ್ಕೆ ಅತ್ತೆ ಗೋಡೆಯ ಪಕ್ಕ ಕೂರಲಿಲ್ಲ. ಇಬ್ಬರು ಹುಡುಗಿಯರು ಕೈಹಿಡಿದು ನಡುವೆ ಕೂರಿಸಿಕೊಂಡು, ಅಂಚೆಯವನ ಸುದ್ದಿ ಮತ್ತೊಮ್ಮೆ ಹೇಳಿಸಿದರು. ಹೋಳಿಗೆ ಎರಡು ತಿಂದರು.

ಸಂಜೆಯ ಬಸ್ಸಿಗೆ ಹೊರಟೆವು. ಅತ್ತೆ ಕಿಟಕಿಯ ಬದಿ ಕೂತು ಏನೋ ಗುನುಗುತ್ತಿದ್ದರು. ನನ್ನ ಎದೆಯಲ್ಲಿ ‘ಊರ್ಧ್ವಮುಖಿ’ ಕೂತಿತ್ತು. ಹೇಳದೆ ಉಪಾಯವಿರಲಿಲ್ಲ, ಹೇಳಿದೆ. ನಿಮಗೆ ನೋವಾಯಿತೆಂದು ಪುಸ್ತಕದ ಹೆಸರು ಬದಲಿ ಮಾಡಿಸಿದ್ದೇನೆ, ಸೋಮವಾರ ಅಚ್ಚಿಗೆ ಹೋಗುತ್ತದೆ ಎಂದೆ.

ಗುನುಗು ನಿಂತಿತು. ‘ಏನಂತ ಮಾಡಿಸಿದಿ?’

ಹೇಳಿದೆ. ಅವರು ಅದನ್ನು ಬಾಯಲ್ಲಿ ಒಂದು ಸಲ ಆಡಿಸಿ ನೋಡಿ ಮುಖ ಕಿವುಚಿದರು. ‘ಔಷಧದ ಹೆಸರು ಇದ್ದಂಗೈತಿ’ ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ‘ಹಾಕೂವಾಗ ನನ್ನ ಕೇಳಲಿಲ್ಲ. ತಗಿಯೂವಾಗರೆ ಕೇಳಬೇಕು ಅನಸಲಿಲ್ಲೇನು ನಿನಗ?’

ಫೋನು ತೆಗೆದು ಪ್ರಕಾಶಕರಿಗೆ ಹಚ್ಚಿ, ಹೆಸರಿನ ವಿಷಯ ಇನ್ನೂ ಮುಗಿದಿಲ್ಲ, ಸ್ವಲ್ಪ ತಡೆಯಿರಿ ಎಂದೆ. ಅವರು ಆಚೆಯಿಂದ ಅಯ್ಯೋ ಎಂದದ್ದು ಅತ್ತೆಗೂ ಕೇಳಿಸಿತು.

‘ಈಗ ಕೇಳಾಕತ್ತೇನ್ರಿ ಅತ್ಯಾರ. ಹೆಸರು ಏನಿಡೂಣು?’

ಅತ್ತೆ ಹೂಂ ಎಂದು ಕಿಟಕಿಯ ಹೊರಗೆ ನೋಡತೊಡಗಿದರು. ತೊಗರಿ ಹೊಲಗಳು ಹೋದವು, ಊರುಗಳು ಹೋದವು. ತಾಳಿಕೋಟೆ ಬಂತು, ಅರ್ಧ ಬಸ್ಸು ಇಳಿದು ಅಷ್ಟೇ ಮಂದಿ ಹತ್ತಿದರು. ನಾನು ತಡೆಯಲಾರದೆ, ‘ಅವರು ಫೋನಿಗೆ ಕಾಯಾಕತ್ತಾರ್ರಿ’ ಎಂದೆ.

‘ಕಾಯಲಿ ಬಿಡು’ ಎಂದರು ಅತ್ತೆ. ‘ನಿಮ್ಮ ಮಾವ ಹೋದಾಗಿಂದ ನನ್ನ ಯಾರರೆ ಏನರೆ ಕೇಳಿದ್ದು ಇವತ್ತ. ಅದೂ ಒಂದ ದಿನದಾಗ ಇಬ್ಬರು ಕೇಳೀರಿ. ಲಗೂನ ಹೇಳಿ ಮುಗಿಸಾಕ ನನಗೇನ ಹುಚ್ಚ ಹಿಡದೈತೇನು?’

ನಾನು ನಕ್ಕೆ, ಕಣ್ಣಲ್ಲಿ ನೀರು ಬಂತು, ಅವರು ನೋಡಲಿಲ್ಲ. ಮುದ್ದೇಬಿಹಾಳದಲ್ಲಿ ಬಸ್ಸು ನಿಂತು, ಚೀಲ ಇಳಿಸಿ, ಆಟೋದವನೊಂದಿಗೆ ಬಾಡಿಗೆಯ ವಾದ ಮುಗಿಸಿ ಕೂತ ಮೇಲೆ ಹೇಳಿದರು.

‘ಅಂಚಿಯವನು ಇರಲಿ, ಮಂಗಳವಾರನೂ ಇರಲಿ, ಅವೆಲ್ಲಾ ನಿನಗ ಬಿಟ್ಟಿದ್ದು. ಖರೆ ನಮ್ಮತ್ತಿ ಅಂತ ಐತೆಲ್ಲ, ಅದನ್ನ ತಗೀಬ್ಯಾಡ ಅಂತ ಹೇಳು ಅವರಿಗೆ.’

ಆಟೋದ ಸದ್ದಿನಲ್ಲಿ ಕೇಳಿಸುವುದಿಲ್ಲವೆಂದು ನಿಲ್ಲಿಸಲು ಹೇಳಿ, ಕೆಳಗಿಳಿದು ಪ್ರಕಾಶಕರಿಗೆ ಫೋನು ಹಚ್ಚಿದೆ.